ಬಾಗಿಲು ಮಾಡುವ ಮೂರು ರೀತಿ

ಆ ಊರಿನಲ್ಲಿ ಒಂದು ಕೆಲಸವನ್ನು ಯಾವ ರೀತಿಯಲ್ಲಿ ಮಾಡಬೇಕೆಂದು ತೀರ್ಮಾನವಾಗದೆ ಯಾರೂ ಆ ಕೆಲಸಕ್ಕೆ ಕೈ ಹಚ್ಚುವಂತಿರಲಿಲ್ಲ. ಊರಿನ ಉಳಿ, ಬಾಚಿ, ಗರಗಸಗಳೆಲ್ಲ ಚೌಕದ ನಡುವಿನ ಕಲ್ಲಿನ ಕೋಣೆಯಲ್ಲಿದ್ದವು. ಕೋಣೆಗೆ ಬೀಗವಿತ್ತು. ಬೀಗದ ಕೈ ಒಬ್ಬನ ಕೊರಳಲ್ಲಿತ್ತು. ಅವನನ್ನು ಆಯ್ಕೆಗಾರ ಎನ್ನುತ್ತಿದ್ದರು. ಅವನು ರೀತಿಯನ್ನು ಆರಿಸಿದ ದಿನ ಬೀಗ ತೆಗೆಯುತ್ತಿದ್ದ, ಅಲ್ಲಿಯವರೆಗೆ ಊರು ಕಾಯುತ್ತಿತ್ತು. ಇದರಿಂದ ಆ ಊರಿನವರು ಮೈಗಳ್ಳರೆಂದು ತಿಳಿಯಬಾರದು. ಕೆಲಸದ ಬಗ್ಗೆ ಅವರಷ್ಟು ಯೋಚಿಸುವವರು ಸುತ್ತಲಿನ ಏಳು ಊರುಗಳಲ್ಲಿ ಇರಲಿಲ್ಲ.

ಊರಿನಲ್ಲಿ ಮೂರು ಬೀದಿಗಳಿದ್ದವು. ಬೀದಿಗೊಂದು ರೀತಿ.

ಮೊದಲ ಬೀದಿಯವರು ಹದಿನೈದು ದಿನದವರು. ಅವರು ಪ್ರತಿದಿನ ಬೆಳಿಗ್ಗೆ ದುಂಡಗೆ ನಿಲ್ಲುತ್ತಿದ್ದರು. ಕೂತರೆ ಮಾತು ಬೆಳೆಯುತ್ತದೆಂದು ನಿಂತೇ ಇರುತ್ತಿದ್ದರು. ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ನನಗೆ ಏನು ಅಡ್ಡ ಬಂದಿದೆ ಎಂದು ಒಬ್ಬೊಬ್ಬರೂ ಮೂರು ಮಾತು ಹೇಳುತ್ತಿದ್ದರು. ನಾಲ್ಕನೆಯ ಮಾತು ಹೇಳುವಂತಿರಲಿಲ್ಲ. ಹದಿನೈದನೆಯ ದಿನ ಆದಷ್ಟು ಕೆಲಸವನ್ನು ತೋರಿಸಿ, ಮತ್ತೆ ಮಾರನೆಯ ದಿನ ದುಂಡಗೆ ನಿಲ್ಲುತ್ತಿದ್ದರು.

ಎರಡನೆಯ ಬೀದಿಯವರು ಹಲಗೆಯವರು. ಅವರಿಗೆ ದಿನದ ಲೆಕ್ಕವಿರಲಿಲ್ಲ. ಬೀದಿಯ ಕೊನೆಯಲ್ಲಿ ದೊಡ್ಡದೊಂದು ಹಲಗೆ, ಅದರಲ್ಲಿ ಮೂರು ಸಾಲು ಗೂಟ: ಮಾಡಬೇಕಾದ್ದು, ಮಾಡುತ್ತಿರುವುದು, ಮಾಡಿದ್ದು. ಪ್ರತಿ ಕೆಲಸಕ್ಕೂ ಒಂದು ಮರದ ಬಿಲ್ಲೆ. ನಡುವಿನ ಸಾಲಿನಲ್ಲಿ ಮೂರೇ ಗೂಟಗಳಿದ್ದವು. ನಾಲ್ಕನೆಯ ಬಿಲ್ಲೆ ಹಿಡಿದು ಬಂದವನು ಒಂದು ಗೂಟ ಖಾಲಿಯಾಗುವತನಕ ಅಲ್ಲೇ ನಿಂತಿರಬೇಕು. ಹಾಗೆ ನಿಂತವರು ಇಬ್ಬರೋ ಮೂವರೋ ಆ ಹಲಗೆಯ ಮುಂದೆ ಯಾವಾಗಲೂ ಇರುತ್ತಿದ್ದರು. ಅವರ ಮುಖದಲ್ಲಿ ಬಹಳ ನೆಮ್ಮದಿ ಇರುತ್ತಿತ್ತು.

ಮೂರನೆಯ ಬೀದಿಯವರು ಜೋಡಿಯವರು. ಒಂದು ಉಳಿಗೆ ಇಬ್ಬರು. ಒಬ್ಬ ಕೆತ್ತುವಾಗ ಇನ್ನೊಬ್ಬ ನೋಡುತ್ತಿದ್ದ, ಸ್ವಲ್ಪ ಹೊತ್ತಿಗೆ ನೋಡುವವನು ಕೆತ್ತುತ್ತಿದ್ದ. ಏನನ್ನು ಮಾಡುವ ಮೊದಲೂ ಅವರು ಪರೀಕ್ಷೆ ಮಾಡುತ್ತಿದ್ದರು. ಏಣಿ ಬೇಕಾಗಿದ್ದರೆ, ಇಲ್ಲದ ಏಣಿಯನ್ನು ಹತ್ತಲು ಹೋಗಿ ಬಿದ್ದು, ಏಣಿ ಇಲ್ಲವೆಂಬುದನ್ನು ಮೊದಲು ಖಚಿತ ಮಾಡಿಕೊಳ್ಳುತ್ತಿದ್ದರು. ಆಮೇಲೆ ಏಣಿ ಮಾಡುತ್ತಿದ್ದರು.

ಹಿಂದೆ ನಾಲ್ಕನೆಯ ಬೀದಿಯೊಂದಿತ್ತು. ಅಲ್ಲಿನವರು ಎಲ್ಲವನ್ನೂ ಮೊದಲೇ ಬರೆದಿಟ್ಟು, ಆಮೇಲೆ ಬರೆದದ್ದನ್ನು ಬಿಟ್ಟು ಬೇರೇನನ್ನೂ ಮಾಡುತ್ತಿರಲಿಲ್ಲ. ಈಗ ಆ ಬೀದಿಯಲ್ಲಿ ಯಾರೂ ಇಲ್ಲ. ಗೋಡೆಗಳ ಮೇಲೆ ನಕ್ಷೆಗಳಿವೆ. ನಕ್ಷೆಗಳು ಬಹಳ ಚೆನ್ನಾಗಿವೆ.

ಮೂರು ಬೀದಿಯವರು ಮಾಡಿದ ಮಣೆಗಳನ್ನು ಒಂದೆಡೆ ಇಟ್ಟರೆ ಯಾವುದು ಯಾರದ್ದೆಂದು ಹೇಳುವುದು ಸಾಧ್ಯವಿರಲಿಲ್ಲ. ಆದ್ದರಿಂದ ಒಂದೆಡೆ ಇಡುವ ಪದ್ಧತಿ ಇರಲಿಲ್ಲ.

ಆಯ್ಕೆಗಾರ ಊರಿಗೆ ಒಬ್ಬನೇ, ಸಾಯುವತನಕ ಅವನೇ. ಈಗಿನವನು ಮೊದಲು ಎರಡನೆಯ ಬೀದಿಯಲ್ಲಿ ಬಡಗಿಯಾಗಿದ್ದ. ಆಯ್ಕೆಗಾರನಾದ ದಿನ ಬೀದಿ ಬಿಟ್ಟು ಚೌಕದ ಒಂಟಿ ಮನೆಗೆ ಬಂದ. ಅವನ ಮನಸ್ಸು ಯಾರ ಕಡೆಗೂ ವಾಲಬಾರದೆಂದು ಊರಿನ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಮೂರು ಬೀದಿಯವರೂ ಅವನೊಡನೆ ತಮ್ಮ ತಮ್ಮ ರೀತಿಯ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು, ಬೇರೆ ಯಾವ ಮಾತೂ ಆಡುವಂತಿಲ್ಲ. ಊಟ ಆಯ್ತಾ ಎಂದು ಕೇಳುವುದೂ ಒಂದು ಬಗೆಯ ಒತ್ತಡವೇ ಎಂದು ಹಿರಿಯರು ಕಂಡುಕೊಂಡಿದ್ದರು. ಆಯ್ಕೆಗಾರ ಒಮ್ಮೆ ಮೊದಲ ಬೀದಿಯವನೊಬ್ಬನನ್ನು ಇವತ್ತು ಮಳೆ ಬರುವ ಹಾಗಿದೆಯೇ ಎಂದು ಕೇಳಿದ. ಅವನು ಆಕಾಶ ನೋಡಿದ, ಆಯ್ಕೆಗಾರನನ್ನು ನೋಡಿದ, ಆಮೇಲೆ, ತಮ್ಮ ರೀತಿಯಲ್ಲಿ ಮಳೆ ಬಂದರೆ ಅದನ್ನು ಮೂರನೆಯ ಮಾತಿನಲ್ಲಿ, ಅಂದರೆ ಅಡ್ಡ ಬಂದದ್ದರಲ್ಲಿ, ಹೇಳುತ್ತೇವೆ ಎಂದ. ಆಯ್ಕೆಗಾರ ಮತ್ತೆ ಯಾರನ್ನೂ ಮಳೆಯ ಬಗ್ಗೆ ಕೇಳಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಆರಿಸಿದ ಮೇಲೆ ಅವನು ಆ ಕೆಲಸವನ್ನು ನೋಡಬಾರದು, ಅದನ್ನು ಕೇಳಿದವರ ಮುಖವನ್ನೂ ನೋಡಬಾರದು. ಮುಗಿದ ಕೆಲಸ ನೋಡಿದವನಿಗೆ ಅಭಿಪ್ರಾಯ ಹುಟ್ಟುತ್ತದೆ, ಅಭಿಪ್ರಾಯ ಹುಟ್ಟಿದವನು ಆರಿಸಲು ಯೋಗ್ಯನಲ್ಲ. ಹಿಂದೊಮ್ಮೆ ಅವನು ಚೌಕದ ಕಟ್ಟೆಯ ದುರಸ್ತಿಗೆ ರೀತಿ ಆರಿಸಿಕೊಟ್ಟಿದ್ದ. ಕಟ್ಟೆ ಅವನ ಮನೆಯ ಎದುರಿಗೇ ಇತ್ತು. ಅಂದಿನಿಂದ ಅವನು ಬಲಕ್ಕೆ ಮುಖ ತಿರುಗಿಸಿಕೊಂಡು ಮನೆಯಿಂದ ಹೊರಡುತ್ತಿದ್ದ, ಎಡಕ್ಕೆ ತಿರುಗಿಸಿಕೊಂಡು ಮರಳುತ್ತಿದ್ದ.

ಊರಿನಾಚೆ ಉಪ್ಪಿನ ಬಯಲಿತ್ತು. ಬಯಲಿನ ಅಂಚಿನಲ್ಲಿ ಯಾವ ಬೀದಿಗೂ ಸೇರದ ಒಂದು ಮನೆ. ಆ ಮನೆಯಲ್ಲಿ ಒಬ್ಬ ಹೆಂಗಸು ಒಬ್ಬಳೇ ಇದ್ದಳು. ಅವಳ ಮನೆಯ ಬಾಗಿಲು ಉಪ್ಪುಗಾಳಿಗೆ ಪುಡಿಯಾಗಿ ಉದುರಿಹೋಗಿತ್ತು. ಅವಳು ಹಿರಿಯರ ಬಳಿ ಬಂದು, ನನ್ನ ಮನೆಗೆ ಒಂದು ಬಾಗಿಲು ಬೇಕು ಎಂದು ಕೇಳಿದಳು. ಹಿರಿಯರು ಆಗಲಿ ಎಂದರು. ಅಂದಿನಿಂದ ಊರಿನಲ್ಲಿ ಅವಳಿಗೆ ಕೇಳಿದವಳು ಎಂದೇ ಹೆಸರಾಯಿತು.

ಒಂದು ಬಾಗಿಲು ಮಾಡಲು ನಾಲ್ಕು ದಿನ ಸಾಕು. ಇದು ಬಡಗಿಯಾಗಿದ್ದ ಆಯ್ಕೆಗಾರನಿಗೆ ಗೊತ್ತಿತ್ತು. ಆದರೆ ಎಷ್ಟು ದಿನ ಬೇಕೆಂದು ಅವನನ್ನು ಯಾರೂ ಕೇಳಿರಲಿಲ್ಲ.

ಅವನು ಮೊದಲ ಸಲ ಅವಳ ಮನೆಗೆ ಹೋದದ್ದು ಬಾಗಿಲ ಅಗಲ ಕೇಳಲು. ಬೇಕಾದ್ದೇನೆಂದು ಕೇಳಿ ಬರೆದುಕೊಳ್ಳುವುದು ಆಯ್ಕೆಗಾರನ ಕೆಲಸದಲ್ಲೇ ಸೇರಿತ್ತು. ಅವನು ಹೊಸ್ತಿಲ ಹೊರಗೆ ನಿಂತ. ಅವಳು ಒಳಗಿನಿಂದ ನೋಡಿದಳು.

"ಊಟ ಆಯ್ತಾ ತಮ್ಮಾ?" ಎಂದಳು.

ಅವಳು ಯಾವ ಬೀದಿಯವಳೂ ಅಲ್ಲದ್ದರಿಂದ ಕಟ್ಟಳೆ ಅವಳಿಗೆ ತಟ್ಟುತ್ತಿರಲಿಲ್ಲ. ಆ ಪ್ರಶ್ನೆಗೆ ಏನು ಹೇಳುತ್ತಾರೆಂಬುದು ಆಯ್ಕೆಗಾರನಿಗೆ ಮರೆತುಹೋಗಿತ್ತು. ಅವಳು ನುಚ್ಚಿನ ಗಂಜಿ ತಂದಿಟ್ಟಳು. ಗಂಜಿಗೆ ತಾನು ಉಪ್ಪು ಹಾಕುವುದಿಲ್ಲ, ಸ್ವಲ್ಪ ಹೊತ್ತು ತೆರೆದಿಟ್ಟರೆ ಗಾಳಿಯೇ ಹಾಕುತ್ತದೆ ಎಂದಳು. ಅವನು ಗಂಜಿ ಕುಡಿದ, ಅಗಲ ಬರೆದುಕೊಂಡ, ಹೊರಟ. ದಾರಿಯಲ್ಲಿ ಎತ್ತರ ಕೇಳುವುದನ್ನು ಮರೆತೆನೆಂದು ನೆನಪಾಯಿತು. ಮರಳಿ ಹೋಗಬಹುದಿತ್ತು. ನಾಳೆ ಬಂದರಾಯಿತು ಎಂದುಕೊಂಡ.

ಹೀಗೆ ಮಾರನೆಯ ದಿನ ಎತ್ತರ ಕೇಳಲು ಹೋದ. ಆಮೇಲೆ, ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ ಎಂದು ಕೇಳಲು. ಆಮೇಲೆ, ಅಗುಳಿ ಮರದ್ದೋ ಕಬ್ಬಿಣದ್ದೋ ಎಂದು ಕೇಳಲು. ಪ್ರತಿ ಸಲವೂ ಅವಳು ಊಟ ಆಯ್ತಾ ಎನ್ನುತ್ತಿದ್ದಳು. ಪ್ರತಿ ಸಲವೂ ಅವನು ಒಂದೇ ಪ್ರಶ್ನೆ ಕೇಳುತ್ತಿದ್ದ. ಅವಳು ಮಧ್ಯಾಹ್ನದವರೆಗೆ ಉತ್ತರ ಹೇಳುತ್ತಿದ್ದಳು.

ಆ ಉತ್ತರಗಳಿಂದಲೇ ಅವನಿಗೆ ತಿಳಿದದ್ದು, ಅವಳಿಗೆ ಬಾಗಿಲು ಬೇಕಾದದ್ದು ಗಾಳಿ ತಡೆಯಲು ಅಲ್ಲವೆಂದು. ಆ ಸೀಮೆಯಲ್ಲಿ ಯಾರೂ ಬಾಗಿಲು ತಟ್ಟದೆ ಇನ್ನೊಬ್ಬರ ಮನೆಯೊಳಗೆ ಬರುತ್ತಿರಲಿಲ್ಲ. ಒಳಗಿದ್ದವರೂ ತಟ್ಟುವ ಮೊದಲು ಹೊರಗಿನವರನ್ನು ಮಾತಾಡಿಸುತ್ತಿರಲಿಲ್ಲ, ಅದು ಭಿಕ್ಷೆ ಬೇಡಿದಂತೆ. ಬಾಗಿಲು ಉದುರಿದ ಮೇಲೆ ತಟ್ಟಲು ಏನೂ ಉಳಿಯಲಿಲ್ಲ. ಹಾಲಿನವಳು ತಂಬಿಗೆಯನ್ನು ದೂರದ ಕಲ್ಲಿನ ಮೇಲಿಟ್ಟು ಹೋಗುತ್ತಿದ್ದಳು. ಎಲೆಅಡಿಕೆಗೆ ಬರುತ್ತಿದ್ದ ನೆಂಟರು ಅಂಗಳದವರೆಗೆ ಬಂದು, ಸುಮ್ಮನೆ ನಿಂತು, ಮರ್ಯಾದೆಯಿಂದ ಹಿಂದಿರುಗುತ್ತಿದ್ದರು. ಒಬ್ಬರೂ ಅವಳ ಮೇಲೆ ಮುನಿಸಿಕೊಂಡಿರಲಿಲ್ಲ. ಒಬ್ಬರೂ ಬರುತ್ತಿರಲಿಲ್ಲ. ಆಯ್ಕೆಗಾರನಿಗೆ ಮಾತ್ರ ಹುದ್ದೆಯ ಬಲದಿಂದ ತಟ್ಟದೆ ಬರುವ ಹಕ್ಕಿತ್ತು. ಹಾಗಾಗಿ ಅವನು ತಟ್ಟದಿದ್ದರೂ ಅವನನ್ನು ಮಾತಾಡಿಸುವ ಹಕ್ಕು ಅವಳಿಗೂ ಇತ್ತು.

ಅವಳಿಗೊಬ್ಬಳು ತಂಗಿ ಇದ್ದಳು. ಬಯಲಿನ ಆಚೆ ದಡದಲ್ಲಿ ಅವಳ ಮನೆ. ಮೂರು ವರ್ಷಕ್ಕೊಮ್ಮೆ, ಇಬ್ಬನಿ ಬೀಳತೊಡಗಿದ ಮೇಲೆ, ಉಪ್ಪಿನ ಗಾಡಿಗಳ ಜೊತೆ ಬಂದು ಒಂದು ತಿಂಗಳು ಅಕ್ಕನ ಮನೆಯಲ್ಲಿದ್ದು ಹೋಗುತ್ತಿದ್ದಳು. ಈ ಸಲದ ಇಬ್ಬನಿಗೆ ಮೂರು ವರ್ಷ ತುಂಬುತ್ತಿತ್ತು.

"ಅಷ್ಟರೊಳಗೆ ಆಗುತ್ತಲ್ಲಾ ತಮ್ಮಾ?" ಎಂದು ಅವಳು ಕೇಳಿದಳು.

ಇಬ್ಬನಿಗೆ ಇನ್ನೂ ಎಂಟು ತಿಂಗಳಿತ್ತು. ಆಯ್ಕೆಗಾರ ಖಂಡಿತ ಆಗುತ್ತದೆ ಅಕ್ಕಾ ಎಂದ.

ಹಿರಿಯರು ತಿಂಗಳಿಗೊಮ್ಮೆ ಅವನನ್ನು ಕರೆಸಿ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ಆಯ್ಕೆ ಇನ್ನೂ ಆಗಿಲ್ಲ ಎಂದು ಅವನು ಹೇಳುತ್ತಿದ್ದ. ಹಿರಿಯರು ಮೆಚ್ಚಿಕೊಂಡು ತಲೆಯಾಡಿಸುತ್ತಿದ್ದರು. ಕಟ್ಟೆಯ ಕೆಲಸಕ್ಕೆ ಮೂರೇ ತಿಂಗಳಿನಲ್ಲಿ ಆರಿಸಿದ್ದನ್ನು ಕೆಲವರು ಅವಸರವೆಂದು ಆಡಿಕೊಂಡಿದ್ದರು. ಈ ಸಲ ಅವನು ಪಾಠ ಕಲಿತಿದ್ದಾನೆಂದು ಊರೆಲ್ಲ ಸಮಾಧಾನಪಟ್ಟಿತು.

ಬೇಸಿಗೆಯಲ್ಲಿ ಅವನು ಮೂರು ಬೀದಿಯವರಿಗೂ ತಮ್ಮ ರೀತಿಯನ್ನು ಚೌಕದಲ್ಲಿ ಮಾಡಿ ತೋರಿಸಲು ಹೇಳಿದ. ಸಲಕರಣೆಗಳು ಬೀಗದೊಳಗಿದ್ದುದರಿಂದ ಎಲ್ಲರೂ ಬರಿಗೈಯಲ್ಲಿ ಮಾಡಿದರು. ಹದಿನೈದು ದಿನದವರು ದುಂಡಗೆ ನಿಂತು, ನಿನ್ನೆ ಏನೂ ಮಾಡಲಿಲ್ಲ, ಇವತ್ತು ಏನೂ ಮಾಡುವುದಿಲ್ಲ, ಬೀಗ ಅಡ್ಡ ಬಂದಿದೆ ಎಂದು ಸರದಿಯಂತೆ ಹೇಳಿದರು. ಹಲಗೆಯವರು ಬಾಗಿಲೆಂಬ ಬಿಲ್ಲೆಯನ್ನು ಮೊದಲ ಸಾಲಿಗೆ ತೂಗುಹಾಕಿ ಅದರ ಕಡೆ ಬೆರಳು ತೋರಿಸಿದರು. ಜೋಡಿಯವರಲ್ಲಿ ಒಬ್ಬ, ಇಲ್ಲದ ಬಾಗಿಲನ್ನು ತಳ್ಳಿ ಮುಗ್ಗರಿಸಿ ಬಿದ್ದ, ಇನ್ನೊಬ್ಬ ಅದನ್ನು ನೋಡಿದ. ಮೂರೂ ಬಹಳ ಚೆನ್ನಾಗಿದ್ದವು. ಆಯ್ಕೆಗಾರ ಇನ್ನಷ್ಟು ಯೋಚಿಸಬೇಕೆಂದ.

ಅವನು ಯೋಚಿಸುತ್ತಿರಲಿಲ್ಲ. ಆರಿಸಿದ ದಿನ ಅವಳ ಮನೆಯ ದಾರಿ ಮುಚ್ಚುತ್ತದೆ, ಆಮೇಲೆ ಊಟ ಆಯ್ತಾ ಎಂದು ತನ್ನನ್ನು ಯಾರೂ ಕೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಏಳುವಾಗ ಇಂದು ಆರಿಸಿಬಿಡಬೇಕು ಎಂದುಕೊಳ್ಳುತ್ತಿದ್ದ. ಮುಖ ತೊಳೆಯುವಾಗ ಒಂದು ಪ್ರಶ್ನೆ ಹೊಳೆಯುತ್ತಿತ್ತು. ಪ್ರಶ್ನೆ ಇರುವಾಗ ಆರಿಸುವುದು ತಪ್ಪು. ಬಯಲಿನ ಕಡೆ ನಡೆಯುತ್ತಿದ್ದ.

ಹೀಗೆ ಮಳೆ ಬಂತು, ಮಳೆ ಹೋಯಿತು. ಪ್ರಶ್ನೆಗಳು ಬಡಗಿ ಕೇಳುವಂಥವಾಗಿ ಉಳಿಯಲಿಲ್ಲ. ಬಾಗಿಲು ತೆರೆಯುವಾಗ ಯಾವ ಸದ್ದು ಬರಬೇಕು ಎಂದು ಕೇಳಿದ. ಅವಳು ತನ್ನ ತವರಿನ ಬಾಗಿಲುಗಳ ಸದ್ದನ್ನೆಲ್ಲ ಒಂದೊಂದಾಗಿ ಬಾಯಲ್ಲೇ ಮಾಡಿ ತೋರಿಸಿದಳು. ಮುಚ್ಚಿದ ಬಾಗಿಲ ಒಳಗೆ ಕೂತವರು ಏನನ್ನು ನೋಡುತ್ತಾರೆ ಎಂದು ಕೇಳಿದ. ಅದನ್ನು ಹೇಳಲು ಅವಳು ಎರಡು ದಿನ ತೆಗೆದುಕೊಂಡಳು. ಅವನು ಎಲ್ಲವನ್ನೂ ಬರೆದುಕೊಂಡ. ಒಂದು ಬಾಗಿಲಿನ ಬಗ್ಗೆ ಅಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ.

ಇಬ್ಬನಿ ಬಿತ್ತು.

ಗಾಡಿಗಳು ಬಂದ ದಿನ ಅವನು ಅವಳ ಮನೆಯಲ್ಲೇ ಇದ್ದ. ಬಿಸಿಲು ಆಗಷ್ಟೇ ಏರಿತ್ತು. ಬಾಗಿಲಿಗೆ ಬಣ್ಣ ಬೇಕೋ, ಬೇಡವಾದರೆ ಯಾಕೆ ಬೇಡ ಎಂಬುದು ಅಂದಿನ ಪ್ರಶ್ನೆ. ಗಾಡಿಗಳ ಸಾಲು ಬಯಲಿನಲ್ಲಿ ನಿಂತಿತು. ಅದರಿಂದ ಒಬ್ಬಳು ಇಳಿದು, ಗಂಟು ಹೊತ್ತು, ಅಂಗಳಕ್ಕೆ ಬಂದಳು. ಆಯ್ಕೆಗಾರನಿಗೆ ಅವಳು ಯಾರೆಂದು ಹೇಳಬೇಕಾಗಿರಲಿಲ್ಲ. ಅಕ್ಕನದೇ ಹಣೆ, ಅಕ್ಕನದೇ ನಡಿಗೆ.

ತಂಗಿ ಹೊಸ್ತಿಲ ಎದುರು ನಿಂತಳು. ತಟ್ಟಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಒಳಗೆ ಅಕ್ಕ ಎದ್ದು ನಿಂತಿದ್ದಳು. ಇಬ್ಬರ ನಡುವೆ ಐದು ಹೆಜ್ಜೆ ದೂರವಿತ್ತು. ಅಕ್ಕ ತಂಗಿಯನ್ನು ನೋಡುತ್ತಿದ್ದಳು, ತಂಗಿ ತನ್ನ ಕೈಯನ್ನು ನೋಡುತ್ತಿದ್ದಳು. ಆಮೇಲೆ ಅವಳು ಕೈ ಇಳಿಸಿ, ಗಂಟನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಬಂದ ದಾರಿಯಲ್ಲೇ ನಡೆದಳು.

ಆಯ್ಕೆಗಾರ ಓಡಿದ. ಆಯ್ಕೆಗಾರನಾದವನು ಓಡಿದ್ದು ಆ ಊರಿನಲ್ಲಿ ಅದೇ ಮೊದಲು. ಗಾಡಿಯ ಹತ್ತಿರ ಅವಳನ್ನು ಹಿಡಿದು, ತಾಯೀ, ನಿಲ್ಲಿ ಎಂದ.

ಅವಳು ನಿಂತಳು. ನಮ್ಮ ಕಡೆ ಬಾಗಿಲು ಕಿತ್ತಿಡುವುದು ಯಾರೂ ಬರಬೇಡಿ ಎನ್ನುವವರು, ಅಕ್ಕನಿಗೆ ಬೇಡವಾದರೆ ಬೇಡ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಕಿತ್ತಿಟ್ಟದ್ದಲ್ಲ. ಉದುರಿಹೋಯಿತು. ಹೊಸದು ಮಾಡುತ್ತಿದ್ದೇವೆ."

"ಯಾವಾಗಿನಿಂದ?"

"ಹತ್ತು ತಿಂಗಳಾಯಿತು."

"ಒಂದು ಬಾಗಿಲಿಗಾ?"

ಅವನು ಆಗ, ಅಕ್ಕ ನಿಮಗಾಗಿಯೇ ಕಾಯುತ್ತಿದ್ದಾಳೆ ಎಂದು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಆ ಊರಿನಲ್ಲಿ ಅಷ್ಟು ವರ್ಷ ಇದ್ದವನು ಯಾಕಿಷ್ಟು ಹೊತ್ತು ಎಂದು ಯಾರಾದರೂ ಕೇಳಿದರೆ ಎಲ್ಲಿಂದ ಶುರು ಮಾಡುತ್ತಾನೋ ಅಲ್ಲಿಂದಲೇ ಅವನೂ ಶುರು ಮಾಡಿದ. ನೋಡಿ ತಾಯೀ, ಬಾಗಿಲು ಮಾಡಲು ಮೂರು ರೀತಿಗಳಿವೆ ಎಂದ. ಹದಿನೈದು ದಿನದವರ ರೀತಿಯನ್ನು ವಿವರಿಸಿದ. ಗಾಡಿಯವನು ಎತ್ತುಗಳ ಹಗ್ಗ ಕೈಗೆತ್ತಿಕೊಂಡ. ಹಲಗೆಯವರ ರೀತಿಯನ್ನು, ನಡುವಿನ ಸಾಲಿನಲ್ಲಿ ಯಾಕೆ ಮೂರೇ ಗೂಟ ಎಂಬುದರೊಂದಿಗೆ, ವಿವರಿಸಿದ. ತಂಗಿ ಗಾಡಿ ಹತ್ತಿದಳು. ಜೋಡಿಯವರ ರೀತಿಗೆ ಬರುವಷ್ಟರಲ್ಲಿ ಗಾಡಿಗಳು ಹೊರಟಿದ್ದವು. ಅವನು ಸ್ವಲ್ಪ ದೂರ ಜೊತೆಗೆ ನಡೆಯುತ್ತಾ ಅದನ್ನೂ ಹೇಳಿದ. ಆಮೇಲೆ ಬಯಲಿನಲ್ಲಿ ಅವನೊಬ್ಬನೇ ನಿಂತಿದ್ದ. ತಾನು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಾಗಿರಲಿಲ್ಲ.

ಮರಳಿ ಬಂದಾಗ ಅವಳು ಗಂಜಿ ಬಡಿಸಿಟ್ಟಿದ್ದಳು. ತಾನೂ ಒಂದು ಬಟ್ಟಲು ಹಿಡಿದು ಕೂತಿದ್ದಳು, ಕುಡಿದಿರಲಿಲ್ಲ. ಬಣ್ಣದ ಪ್ರಶ್ನೆ ಅರ್ಧಕ್ಕೆ ನಿಂತಿತ್ತಲ್ಲ ಎಂದಳು.

"ಅಕ್ಕಾ, ನಾನು ಮೊದಲ ವಾರವೇ ಆರಿಸಬಹುದಿತ್ತು" ಎಂದ ಅವನು. "ಮೂರರಲ್ಲಿ ಯಾವುದಾದರೂ ಆಗುತ್ತಿತ್ತು. ನಾಲ್ಕು ದಿನದ ಕೆಲಸ."

"ಗೊತ್ತು."

"ಗೊತ್ತಿದ್ದೂ ನೀವು ಸುಮ್ಮನಿದ್ದಿರಾ?"

ಅವಳು ಬಟ್ಟಲನ್ನು ಕೆಳಗಿಟ್ಟಳು. "ಅಗಲ ಎಷ್ಟು ಅಂತ ನೀನು ಕೇಳಿದೆ. ಒಂದು ಮಾತಿನಲ್ಲಿ ಹೇಳುವುದನ್ನು ನಾನು ಮಧ್ಯಾಹ್ನದವರೆಗೆ ಹೇಳಿದೆ. ನೀನೊಬ್ಬನೇ ಎಳೆದದ್ದಲ್ಲ ತಮ್ಮಾ. ಅವಳು ಬರುವುದರೊಳಗೆ ಹೇಗೋ ಆಗುತ್ತೆ ಅಂದುಕೊಂಡಿದ್ದೆ."

ಇಬ್ಬರೂ ಬಯಲಿನ ಕಡೆ ನೋಡಿದರು. ಗಾಡಿಗಳು ಕಾಣದಷ್ಟು ದೂರ ಹೋಗಿದ್ದವು. ತಂಗಿ ಮತ್ತೆ ಬರಲು ಮೂರು ವರ್ಷ. ಬಣ್ಣ ಬೇಡ ಎಂದು ಅವಳು ಹೇಳಿದಳು, ಯಾಕೆ ಬೇಡ ಎಂಬುದನ್ನು ಹೇಳಲಿಲ್ಲ. ಆಯ್ಕೆಗಾರನೂ ಕೇಳಲಿಲ್ಲ. ಅದು ಅವರಿಬ್ಬರ ನಡುವಿನ ಅತ್ಯಂತ ಚಿಕ್ಕ ಭೇಟಿಯಾಗಿತ್ತು.

ಮನೆಗೆ ಬಂದು ಅವನು ಮೊಟ್ಟಮೊದಲ ಸಲ ಮೂರು ರೀತಿಗಳ ಬಗ್ಗೆ ನಿಜವಾಗಿ ಯೋಚಿಸಿದ. ಹಲಗೆಯವರು ಮುಗಿದ ಕೆಲಸದ ಬಿಲ್ಲೆಯನ್ನು ಕೊನೆಯ ಸಾಲಿಗೆ ಹಾಕಿ ಮನೆಗೆ ಹೋಗುತ್ತಾರೆ. ಜೋಡಿಯವರು ಬಾಗಿಲು ತಳ್ಳಿ ನೋಡಿ, ಬೀಳಲಿಲ್ಲವೆಂದು ಖಚಿತವಾದರೆ ಮನೆಗೆ ಹೋಗುತ್ತಾರೆ. ಹದಿನೈದು ದಿನದವರು ಮಾತ್ರ ಪ್ರತಿ ಹದಿನೈದನೆಯ ದಿನ, ಕೆಲಸದಲ್ಲಿದ್ದ ಅಷ್ಟೂ ಜನ, ಕೇಳಿದವರ ಮನೆಗೆ ಹೋಗಿ, ಎದುರು ಕೂತು, ಹೇಗಾಗಿದೆ, ಇನ್ನೇನು ಬೇಕು ಎಂದು ವಿಚಾರಿಸಲೇಬೇಕು. ಅದು ಅವರ ರೀತಿಯೊಳಗಿನ ಕಡ್ಡಾಯ. ಹೋಗದೆ ಇದ್ದರೆ ಅವರ ಕೆಲಸ ಮುಗಿದಂತೆ ಅಲ್ಲ. ಕೆಲಸಕ್ಕೆ ಇದರಿಂದ ಲಾಭವಿದೆಯೋ ಇಲ್ಲವೋ ಎಂದು ಊರಿನಲ್ಲಿ ಬಹಳ ವಾದವಿತ್ತು. ಆಯ್ಕೆಗಾರ ಆ ವಾದಕ್ಕೆ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಚೌಕದಲ್ಲಿ ನಿಂತು ಮೊದಲ ಬೀದಿ ಎಂದ. ಕಾರಣವೇನೆಂದು ಹಿರಿಯರು ಕೇಳಿದರು. ಹತ್ತು ತಿಂಗಳ ಬರವಣಿಗೆಯನ್ನು ಅವರ ಮುಂದಿಟ್ಟ. ಅದರ ದಪ್ಪವನ್ನು ನೋಡಿ ಹಿರಿಯರು ತೃಪ್ತರಾದರು. ಮೊದಲ ಬೀದಿಯವರು ಸಂತೋಷದಿಂದ ಎದ್ದು ನಿಂತರು, ಅವರು ಹೇಗೂ ನಿಂತೇ ಇರುವವರು. ಉಳಿದೆರಡು ಬೀದಿಯವರು, ಅವನು ನಮ್ಮ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ ಎಂದು ತೀರ್ಮಾನಿಸಿ, ತಮ್ಮ ರೀತಿಯ ಬಗ್ಗೆಯೂ ಅವನೊಡನೆ ಮಾತಾಡುವುದನ್ನು ನಿಲ್ಲಿಸಿದರು. ಅವನು ಬೀಗ ತೆಗೆದು, ಮನೆಯೊಳಗೆ ಹೋದ.

ಬಾಗಿಲು ನಾಲ್ಕು ದಿನದಲ್ಲಿ ಆಯಿತು. ಆಯ್ಕೆಗಾರ ಅದನ್ನು ನೋಡಲಿಲ್ಲ. ಬಯಲಿನ ಕಡೆಯಿಂದ ಗಾಳಿ ಬೀಸಿದಾಗ ಕೆತ್ತುವ ಸದ್ದು ಕೇಳುತ್ತಿತ್ತು, ಐದನೆಯ ದಿನ ಕೇಳಲಿಲ್ಲ. ಅಂದಿನಿಂದ ಮೊದಲ ಬೀದಿಯವರೂ ಅವನಿಗೆ ಏನನ್ನೂ ವಿವರಿಸಬೇಕಾಗಿರಲಿಲ್ಲ. ಅವನು ಬಾಯಿ ತೆರೆಯದೆ ಹತ್ತು ದಿನ ಕಳೆದ. ಹನ್ನೊಂದನೆಯ ದಿನ ಬೆಳಿಗ್ಗೆ ತನ್ನ ದನಿ ಇದೆಯೋ ಇಲ್ಲವೋ ಎಂದು ನೋಡಲು, ಖಾಲಿ ಮನೆಯಲ್ಲಿ ನಿಂತು, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ ಎಂದು ಜೋರಾಗಿ ಹೇಳಿದ. ಮೂರನೆಯ ಮಾತು ಹೇಳಲಿಲ್ಲ. ಅಡ್ಡ ಬಂದದ್ದು ಏನೂ ಇರಲಿಲ್ಲ.

ಕೆಲಸ ಶುರುವಾಗಿ ಅದೇ ಹದಿನೈದನೆಯ ದಿನ. ಅಂದು ಮೊದಲ ಬೀದಿಯ ಹನ್ನೊಂದು ಜನ ಉಪ್ಪಿನ ಬಯಲಿನ ಅಂಚಿಗೆ ಹೋದರು. ಜೊತೆಗೆ ಸಾಕ್ಷಿಗೆಂದು ಊರಿನ ಹಿರಿಯನೊಬ್ಬ. ಒಬ್ಬೊಬ್ಬರಾಗಿ ಬಾಗಿಲು ತಟ್ಟಿದರು, ಒಬ್ಬೊಬ್ಬರಿಗೂ ಅವಳು ಎದ್ದು ಬಂದು ತೆರೆದಳು. ಹನ್ನೆರಡು ಸಲ ತೆರೆದು ಹನ್ನೆರಡು ಸಲ ಮುಚ್ಚಿದಳು. ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಹಾಲಿನವಳು ಮೊನ್ನೆ ಒಳಗೆ ಬಂದು ಕೂತು ಹೋದಳೆಂದು ಹೇಳಿದಳು. ಬಾಗಿಲ ಸದ್ದು ಚೆನ್ನಾಗಿದೆಯೆಂದಳು. ಹನ್ನೊಂದು ಜನರಲ್ಲಿ ಯಾರಿಗೂ ಆ ಸದ್ದಿನ ಬಗ್ಗೆ ಗೊತ್ತಿರಲಿಲ್ಲ, ತಾವು ಬೇಕೆಂದು ಮಾಡಿದ್ದಲ್ಲವೆಂದರು.

ಕೊನೆಗೆ ರೀತಿಯ ಪ್ರಕಾರ ಅವಳ ಮುಂದೆ ಕೂತು, ಇನ್ನೇನಾದರೂ ಬೇಕೇ ಎಂದು ಕೇಳಿದರು. ಆ ಊರಿನಲ್ಲಿ ಈ ಪ್ರಶ್ನೆಗೆ ಎಲ್ಲರೂ ಏನೂ ಬೇಡ ಎನ್ನುತ್ತಿದ್ದರು. ಬೇಕು ಎಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಅವಳು ಬಯಲಿನ ಕಡೆಯ ಗೋಡೆಯನ್ನು ನೋಡಿದಳು.

"ಒಂದು ಕಿಟಕಿ ಬೇಕು" ಎಂದಳು.

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಿಟಕಿ ಬಾಗಿಲಿನ ಕೆಲಸದಲ್ಲಿ ಸೇರುವುದಿಲ್ಲ, ಅದು ಬೇರೆಯದೇ ಕೆಲಸ, ಹಳೆಯ ಕೆಲಸದ ಕಟ್ಟಳೆ ಅದಕ್ಕೆ ತಟ್ಟುವುದಿಲ್ಲ ಎಂದು ಹಿರಿಯ ವಿವರಿಸಿದ. ಅದಕ್ಕೆ ಸಲಕರಣೆಗಳನ್ನು ಮೊದಲು ಕೋಣೆಗೆ ಮರಳಿಸಬೇಕು, ಬೀಗ ಹಾಕಬೇಕು, ರೀತಿಯನ್ನು ಹೊಸದಾಗಿ ಆರಿಸಬೇಕು. ಎಷ್ಟು ಕಾಲ ಹಿಡಿಯುವುದೋ ಹೇಳಲಾಗದು. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಆದೀತು ಎಂದಳು.

ಹಿರಿಯ ಬೇರೆ ದಾರಿ ಕಾಣದೆ, ಕನಿಷ್ಠ ಎಷ್ಟು ಅಗಲದ ಕಿಟಕಿ ಎಂದಾದರೂ ಈಗಲೇ ಹೇಳಿಬಿಡಮ್ಮ, ಬರೆದುಕೊಳ್ಳುತ್ತೇನೆ ಎಂದ.

"ಅದನ್ನು ಕೇಳಲು ಅವನನ್ನೇ ಕಳಿಸಿ" ಎಂದಳು ಅವಳು.